ಚೆಂಡು ಹಸಿರಿಗೆ ಬಿದ್ದಾಗ

1999ರಲ್ಲಿ ನಾನು ಯೂನಿಯನ್ ಸಿಟಿಯ ಒಂದು ಪಾರ್ಟಿ ಸಲಕರಣೆ ಬಾಡಿಗೆ ಕಂಪನಿಯಲ್ಲಿ ರೂಲೆಟ್ ಡೀಲರ್ ಆಗಿದ್ದೆ, ಎಂದರೆ ಜೂಜಿನ ಚಕ್ರ ತಿರುಗಿಸಿ ಚೆಂಡು ಬಿಡುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಮೇಲೆ ಪಳಗಿದ ಕೈ ನನ್ನದು. ಚಕ್ರವನ್ನು ಮಟ್ಟಸವಾಗಿ ಕೂರಿಸುವುದರಲ್ಲಿ ನನ್ನ ಸಮ ಅಲ್ಲಿ ಯಾರೂ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಡಾಟ್-ಕಾಂ ಕಂಪನಿಗಳು ನೆಪ ಸಿಕ್ಕಾಗಲೆಲ್ಲ ಸಂಭ್ರಮಿಸುತ್ತಿದ್ದ ಕಾಲ. ಅವರ ಆಫೀಸಿಗೇ ಕ್ಯಾಸಿನೊ ಮೇಜು ಒಯ್ದು ಆಡಿಸುತ್ತಿದ್ದೆವು. ಪಣಕ್ಕೆ ಕಟ್ಟುವ ಬಿಲ್ಲೆಗಳಿಗೆ, ಅಂದರೆ ಚಿಪ್ಪುಗಳಿಗೆ, ಬೆಲೆಯಿಲ್ಲ, ಹೆಚ್ಚು ಗೆದ್ದವರಿಗೊಂದು ಬಹುಮಾನ, ಅಷ್ಟೇ.

ಚಕ್ರದಲ್ಲಿ ಮೂವತ್ತೆಂಟು ಗೂಡುಗಳು: ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಎರಡು ಹಸಿರು. ಕೆಂಪಿಗೆ ಕಟ್ಟಿ ಕೆಂಪು ಬಂದರೆ ಕಟ್ಟಿದಷ್ಟೇ ಲಾಭ. ಹಸಿರು ಬಿದ್ದರೆ ಕೆಂಪಿನವರದೂ ಕಪ್ಪಿನವರದೂ ಕ್ಯಾಸಿನೊ ಪಾಲು. ಈ ಕಾಯಂ ಮೇಲುಗೈಗೆ ಹೌಸ್ ಎಡ್ಜ್ ಎನ್ನುತ್ತಾರೆ. ಸರಾಸರಿ ನೂರು ಡಾಲರಿಗೆ ಐದಕ್ಕಿಂತ ತುಸು ಹೆಚ್ಚು. ಆದರೆ ನಮ್ಮ ಮಾಲೀಕ ಡ್ಯಾನಿಯ ನಿಯಮವೇ ಬೇರೆ. ಪಾರ್ಟಿಯಲ್ಲಿ ಹಸಿರು ಬಿದ್ದರೆ ಎಲ್ಲರ ಚಿಪ್ಪೂ ವಾಪಸ್. ಅತಿಥಿಗಳ ಮುಖ ಬಾಡಬಾರದು.

ಒಂದು ಶುಕ್ರವಾರ ಮಧ್ಯಾಹ್ನ ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಆಟವಿತ್ತು. ಮೈಸೂರಿನ ಎಂಜಿನಿಯರ್ ಗಿರೀಶ್ ಕೆಂಪಿಗೇ ಕಟ್ಟುತ್ತಿದ್ದರು. ಸೋತರೆ ಮುಂದಿನ ಸಲ ಎರಡರಷ್ಟು. ಮುಂದೆ ಚಿಪ್ಪಿನ ಗುಡ್ಡ.

“ಶಂಕ್ರಣ್ಣ, ನಿಮ್ ವೀಲು ನಮ್ಮತ್ತೆ ಮನೆ ಥರ. ಹೋದಾಗೆಲ್ಲಾ ಕೊಟ್ಟು ಕಳಿಸ್ತದೆ! ನಾಳೆ ರೀನೋ ಕ್ಯಾಸಿನೊಗೆ ಹೊರಟೆ. ಫ್ರೀಮಾಂಟ್ ಮನೆ ಡೌನ್ ಪೇಮೆಂಟು ಬ್ಯಾಂಕಲ್ಲಿ ಸುಮ್ನೆ ಮಲಗಿದೆ, ಡಬಲ್ ಮಾಡ್ಕೊಂಡು ಬರ್ತೀನಿ.”

ಪಕ್ಕದಲ್ಲಿದ್ದ ಅವರ ಹೆಂಡತಿ ವಸುಧಾ ನಗಲಿಲ್ಲ. “ತಮಾಷೆ ಅಲ್ಲ ಅಣ್ಣಾ. ಕಾರಿಗೆ ಪೆಟ್ರೋಲೂ ಹಾಕ್ಸಿದಾರೆ.”

ಒಳಗುಟ್ಟನ್ನು ಅತಿಥಿಗಳಿಗೆ ಹೇಳಬಾರದೆಂಬುದು ಡ್ಯಾನಿಯ ಕಟ್ಟಪ್ಪಣೆ. ಅವನಿಗೆ ಕನ್ನಡ ಬರುವುದಿಲ್ಲವಲ್ಲ, ಹೇಳಿಯೇ ಬಿಟ್ಟೆ. “ಸಾರ್, ಹಸಿರು ಬಿದ್ದಾಗ ವಾಪಸ್ ಕೊಡ್ತಿರೋದು ನಾನು. ರೀನೋದಲ್ಲಿ ಯಾರೂ ಕೊಡಲ್ಲ.”

“ಎರಡು ಗೂಡು ತಾನೆ? ಆ ಪರ್ಸೆಂಟೇಜು ನಂಗೂ ಗೊತ್ತು ಬಿಡಿ.”

“ಹಂಗಾದ್ರೆ ಅರ್ಧ ಗಂಟೆ ಅಲ್ಲಿನ ರೂಲಲ್ಲೇ ಆಡಿ ನೋಡಿ.”

ಆಡಿದರು. ನನ್ನ ಚಕ್ರ ಕಣ್ಣು ತೆರೆಸುತ್ತದೆಂದು ನಂಬಿದ್ದೆ. ಹಸಿರು ಒಮ್ಮೆ ಬಿತ್ತು, ಅದೂ ಅವರು ಕಡಿಮೆ ಕಟ್ಟಿದ್ದಾಗ. ಗುಡ್ಡ ಇನ್ನೂ ಬೆಳೆಯಿತು.

“ನೋಡಿದ್ಯಾ ವಸು? ಅಣ್ಣನೇ ಪ್ರೂಫ್ ಕೊಟ್ರು!”

“ಅರ್ಧ ಗಂಟೇಲಿ ಅದು ಕಾಣಲ್ಲ ಸಾರ್,” ಎಂದೆ. ಆಡಿ ನೋಡಿ ಎಂದವನೂ ನಾನೇ. ಯಾರು ಕೇಳುತ್ತಾರೆ?

ಕೆಲವು ತಿಂಗಳ ನಂತರ ಯೂನಿಯನ್ ಸಿಟಿ ರೈಲು ಸ್ಟೇಷನ್ನಿನಲ್ಲಿ ವಸುಧಾ ಸಿಕ್ಕರು. ವಾಲ್ನಟ್ ಕ್ರೀಕಿನಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಮನೆ ಕೊಂಡಿರಾ ಎಂದು ನಾನು ಕೇಳುವ ಮುನ್ನ ಅವರೇ ಹೇಳಿದರು: “ಮೊದಲನೇ ಸಲ ಗೆದ್ದೇ ಬಂದ್ರು ಅಣ್ಣಾ. ಅವತ್ತೇ ಸೋತಿದ್ರೆ ಅಲ್ಲಿಗೇ ಬಿಡ್ತಿದ್ರೇನೋ. ಆಮೇಲೆ ವೀಕೆಂಡ್ ಬಂದ್ರೆ ರೀನೋ. ಈಗ ಬಿಟ್ಟಿದಾರೆ. ಹೋಗೋಕೆ ಏನೂ ಉಳಿದಿಲ್ಲ.” ರೈಲು ಬಂತು, ಹತ್ತಿದರು.

ಆ ವಾರದ ಪಾರ್ಟಿಯಲ್ಲಿ ಚೆಂಡು ಹಸಿರಿಗೆ ಬಿತ್ತು. ವಾಪಸ್ ಕೊಡದೆ, ಮೇಜಿನ ಮೇಲೆ ಕಟ್ಟಿದ್ದ ಚಿಪ್ಪನ್ನೆಲ್ಲ ಬಾಚಿಕೊಂಡೆ. ಅತಿಥಿಗಳು ಗೊಣಗಿದರು. “ಇದು ಪಾರ್ಟಿ ಮಾರಾಯ, ಸಾವಿನ ಮನೆಯಲ್ಲ!” ಎಂದು ಡ್ಯಾನಿ ಇಂಗ್ಲಿಷಿನಲ್ಲಿ ಕೂಗಾಡಿದ. ಬೇಕಾದರೆ ಕೆಲಸದಿಂದ ತೆಗೆ ಎಂದೆ. ತೆಗೆಯಲಿಲ್ಲ, ಚಕ್ರ ಕೂರಿಸಲು ಅವನಿಗೆ ಬೇರೆ ಗತಿಯಿರಲಿಲ್ಲ.

ಹೌಸ್ ಎಡ್ಜನ್ನು ಒಂದು ಮಧ್ಯಾಹ್ನದಲ್ಲಿ ಯಾರಿಗೂ ಆಡಿ ತೋರಿಸಲಾಗದು. ಅದಕ್ಕೆ ಅವಸರವೇ ಇಲ್ಲ. ಅದನ್ನು ಮುಚ್ಚಿಡದೆ ಇರುವುದಷ್ಟೇ ಡೀಲರ್ ಕೈಯಲ್ಲಿರುವ ಕೆಲಸ. ನಿವೃತ್ತನಾಗುವವರೆಗೂ ಹಸಿರು ಬಿದ್ದಾಗಲೆಲ್ಲ ಬಾಚಿಕೊಂಡೆ, ಅತಿಥಿಗಳ ಮುಖ ನೋಡುತ್ತಲೇ.