ತಂಗಿಯ ಹಾಜರಿ

ಹಳೇಕೋಟೆಯ ನಮ್ಮ ಶಾಲೆಯಲ್ಲಿ ಹೆಸರು ಕೂಗುವ ಪದ್ಧತಿಯೇ ಇರಲಿಲ್ಲ. ಇದ್ದದ್ದು ಹದಿನಾಲ್ಕು ಮಕ್ಕಳು. ಮೇಷ್ಟ್ರು ಒಮ್ಮೆ ಕಣ್ಣಾಡಿಸಿ, "ಗಾಣದ ಮನೇದೆಲ್ಲಿ?" ಎನ್ನುತ್ತಿದ್ದರು, ಬಂದಿರದಿದ್ದರೆ ಮಧ್ಯಾಹ್ನ ತಾವೇ ಆ ಮನೆ ಬಾಗಿಲಿಗೆ ಹೋಗುತ್ತಿದ್ದರು. ನನ್ನ ತಂಗಿಗೆ ಆಗ ಆರು ವರ್ಷ. ಪಕ್ಕದವರಿಗೂ ಕೇಳದಂಥ ಮೆಲುದನಿ. ಆದರೇನು, ಮೇಷ್ಟ್ರು ಅವಳ ಬೆರಳು ಹಿಡಿದು ಮರಳಲ್ಲಿ ತಿದ್ದಿಸುತ್ತಿದ್ದರು, ಅವಳು ಅವರ ಕಿವಿಯ ಬಳಿ ಮಗ್ಗಿ ಹೇಳುತ್ತಿದ್ದಳು. ಶಾಲೆಗೆ ಹೊರಡಲು ನನಗಿಂತ ಮೊದಲು ಹೊಸ್ತಿಲಲ್ಲಿ ನಿಂತಿರುತ್ತಿದ್ದವಳು ಅವಳೇ.

ಅಪ್ಪನಿಗೆ ಹೊಳೆನರಸೀಪುರದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದೆವು. ಆ ಶಾಲೆಯೋ, ಅಬ್ಬಬ್ಬಾ! ಒಂದನೆಯ, ಎರಡನೆಯ ತರಗತಿಗಳೆರಡೂ ಒಂದೇ ಹಾಲಿನಲ್ಲಿ, ನೂರರ ಹತ್ತಿರ ಮಕ್ಕಳು, ಒಬ್ಬರೇ ಮೇಷ್ಟ್ರು. ಅವರು ರಿಜಿಸ್ಟರಿನಿಂದ ತಲೆಯೆತ್ತದೆ ಹೆಸರು ಕೂಗುತ್ತಿದ್ದರು. ಆ ಗದ್ದಲದಲ್ಲಿ ತಂಗಿ ಹಾಜರಿ ಹೇಳುವುದು ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ. ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ವಾರವಿಡೀ ಹಾಗಾದರೆ ಹೆಸರು ಹೊಡೆದುಹಾಕುತ್ತಾರೆಂದು ಗೊತ್ತಾದ ಮೇಲೆ, ಎರಡನೆಯ ತರಗತಿಯ ಸಾಲಿನಿಂದ ನಾನೇ ಅವಳ ಹೆಸರಿಗೂ "ಹಾಜರ್ ಸಾ!" ಎಂದು ಕೂಗತೊಡಗಿದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಜಂಭ ಬೇರೆ.

ಉಪಕಾರವಂತೆ! ಅಲ್ಲಿಂದಾಚೆಗೆ ಅವಳು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಮಗ್ಗಿ ಕೇಳುವವರಿಲ್ಲ, ಸ್ಲೇಟು ನೋಡುವವರಿಲ್ಲ. "ಅಕ್ಕಾ, ಈ ಮೇಷ್ಟ್ರಿಗೆ ನಾನ್ಯಾರು ಅಂತ್ಲೇ ಗೊತ್ತಿಲ್ಲ ಕಣಕ್ಕಾ. ನಮ್ ಇಸ್ಕೂಲಿಗೇ ಓಗಾನ" ಎಂದು ಒಂದು ಬೆಳಿಗ್ಗೆ ಅತ್ತಳು. "ಸುಮ್ಕೆ ನಡಿಯೇ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಶಾಲೆಯ ಬಾಗಿಲಲ್ಲಿ ಕೈಬಿಟ್ಟು ಗೆಳತಿಯರ ಕಡೆ ಓಡಿದೆ. ಹಾಜರಿಯ ಹೊತ್ತಿಗೆ, ತಿರುಗಿ ಕೂಡ ನೋಡದೆ, ಅವಳ ಹೆಸರಿಗೆ ಕೂಗಿದೆ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳಿಲ್ಲ. ಅಪ್ಪ ಗಿರಣಿಯಿಂದ ಓಡಿಬಂದ. ಮೇಷ್ಟ್ರು ರಿಜಿಸ್ಟರು ತೆರೆದು ತೋರಿಸಿದರು. "ಬಂದೈತಲ್ಲಯ್ಯಾ, ಹಾಜರಿ ಬಿದ್ದೈತೆ. ಇಲ್ಲೇ ಎಲ್ಲೋ ಇರ್ತದೆ, ಹುಡುಕು."

ಹುಡುಕಿದ್ದೆಲ್ಲ ಅಲ್ಲೇ. ಶಾಲೆಯ ಬಾವಿಗೆ ಪಾತಾಳಗರಡಿ ಇಳಿಸಿದರು. ಅವ್ವ ಹೊಳೆಯ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡಳು. "ಅವಳು ಬಂದೇ ಇರಲಿಲ್ಲವೇನೋ, ಕೂಗಿದ್ದು ನಾನು" ಎಂಬ ಒಂದು ಮಾತು ಸಾಕಿತ್ತು. ಹೊಡೆತದ ಭಯಕ್ಕೆ ನನ್ನ ಹಾಳು ನಾಲಗೆ ಏಳಲಿಲ್ಲ.

ಹೊತ್ತು ಮುಳುಗುವಾಗ ಹಳೇಕೋಟೆಯ ಮೇಷ್ಟ್ರು ಎತ್ತಿನ ಗಾಡಿಯಲ್ಲಿ ಬಂದರು. ತಂಗಿ ಅವರ ಮಡಿಲಲ್ಲಿ ನಿದ್ದೆಹೋಗಿದ್ದಳು. ಅಂದು ಸಂತೆ, ಮಾಲು ಇಳಿಸಿ ಹಳೇಕೋಟೆಗೆ ಮರಳುತ್ತಿದ್ದ ಗಾಡಿಯ ಹಿಂದೆ ಹತ್ತಿ ಕೂತುಬಿಟ್ಟಿದ್ದಳಂತೆ. "ಬಂದು ತನ್ನ ಜಾಗದಲ್ಲೇ ಕೂತು ಮರಳು ತಿದ್ತಿತ್ತು. ನನ್ನ ಹತ್ರಾನೇ ಬಿಡ್ರಿ, ಓದಿಸ್ತೀನಿ" ಎಂದರು. ಅಪ್ಪ ತಲೆಯಾಡಿಸಿದ. "ಹೆಣ್ಮಗ, ಸಾಕು ಬುಡಿ ಸಾ. ಇನ್ನು ಇಸ್ಕೂಲೇ ಬ್ಯಾಡ."

ಹಳೇಕೋಟೆಯ ಆ ಹದಿನಾಲ್ಕು ಮಕ್ಕಳಲ್ಲಿ ಮೊದಲು ಮಗ್ಗಿ ಕಲಿತವಳು, ಈಗ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ನಾನು ಕೂಗಿದ್ದಕ್ಕೆ ಅವಳು ಇವತ್ತಿಗೂ ನನ್ನನ್ನು ಬೈದಿಲ್ಲ.

ಅಪ್ಪ ಅವಳನ್ನು ಶಾಲೆ ಬಿಡಿಸಿದ ಮರುದಿನ ಹಾಜರಿಯಲ್ಲಿ ಅವಳ ಹೆಸರು ಬಂತು. ರೂಢಿಯ ಮೇಲೆ ಬಾಯಿ ತೆರೆದೆ, ಮುಚ್ಚಿದೆ. ಮೇಷ್ಟ್ರು ತಲೆಯೆತ್ತಲಿಲ್ಲ, ಮುಂದಿನ ಹೆಸರಿಗೆ ಹೋದರು. ವಾರವಿಡೀ ಅವಳ ಹೆಸರು ಬಂದಾಗಲೆಲ್ಲ ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಅವರು ಆ ಹೆಸರನ್ನು ಕೂಗಲಿಲ್ಲ.