ಕುಂಕುಮದ ಜೊತೆ ಕೊಟ್ಟ ಅಡಿಕೆ

ಮದುವೆಯಾಗಿ ಧಾರವಾಡದ ಮಾಳಮಡ್ಡಿಗೆ ಬಂದಾಗ ನಾನು ಕನ್ನಡ ಐದನೆಯ ಇಯತ್ತೆ ಮುಗಿಸಿದ್ದೆ. ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರು. ಮನೆ ಅವರ ಗಡಿಯಾರದ ಪ್ರಕಾರ ನಡೆಯುತ್ತಿತ್ತು. ಬೆಳಗಿನ ಐದಕ್ಕೆ ಬಾವಿಯ ನೀರು, ಹತ್ತಕ್ಕೆ ಮಾವನವರ ಊಟದ ಎಲೆ, ಹನ್ನೆರಡಕ್ಕೆ ಹೆಂಗಸರ ಊಟ, ಒಂದೂವರೆಗೆ ಅಡಿಗೆಮನೆ ಸಾರಿಸಿ ಕೈ ತೊಳೆಯಬೇಕು. ಈ ಶಿಸ್ತು ನನಗೆ ಭಾರವೆನಿಸಲಿಲ್ಲ. ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದುದರಿಂದಲೇ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ನನ್ನದಾಗಿ ಉಳಿಯುತ್ತಿತ್ತು.

ಆ ಹೊತ್ತಿನಲ್ಲಿ ನಾನು ನಮ್ಮ ಓಣಿಯ ಹೆಣ್ಣುಮಕ್ಕಳ ಸಮಾಜದ ಸಭಾ ಹಾಲಿಗೆ ಹೋಗುತ್ತಿದ್ದೆ. ಅಲ್ಲಿ ಹೆಣ್ಣುಮಕ್ಕಳ ಸಾಲೆಯ ಅಕ್ಕಾವರು ಮದುವೆಯಾದ ಹುಡುಗಿಯರಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಪಾಠ ಹೇಳುತ್ತಿದ್ದರು. ಮುಲ್ಕಿ ಪಾಸಾದರೆ ಸಾಲೆಯಲ್ಲಿ ಕೆಲಸ ಸಿಗುತ್ತಿದ್ದ ಕಾಲ ಅದು. ಅಕ್ಕಾವರು ಬಾಲವಿಧವೆ. ಕೇಶ ಉಳಿಸಿಕೊಂಡು, ಬಿಳಿ ಸೀರೆಯುಟ್ಟು, ಎರಡು ಹೊಡೆಯುವ ಮೊದಲೇ ಹಾಲಿನ ಬಾಗಿಲು ತೆಗೆದು ನಿಂತಿರುತ್ತಿದ್ದರು. ತಡವಾಗಿ ಬಂದವರನ್ನು ಬಯ್ಯುತ್ತಿರಲಿಲ್ಲ. ಅವರು ಕೂಡುವವರೆಗೆ ಪಾಠ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಅದಕ್ಕಿಂತ ಬಯ್ಗುಳವೇ ವಾಸಿ ಎನಿಸುತ್ತಿತ್ತು.

ಸಮಾಜಕ್ಕೆ ಮೊದಲಿನಿಂದಲೂ ವಕೀಲರ ಹೆಂಡತಿಯೇ ಅಧ್ಯಕ್ಷೆ. ಅವರನ್ನು ಎಲ್ಲರೂ ಅತ್ತಿಗೆ ಎಂಬಂತೆ ವಕೀಲರ ವೈನಿ ಎನ್ನುತ್ತಿದ್ದರು. ಆ ಹಾಲ್ ಕಟ್ಟಿಸಲು ಹಣ ಕೂಡಿಸುತ್ತ ಮನೆಮನೆ ತಿರುಗಿದವರು ಅವರೇ. ಪ್ರತಿ ವರ್ಷ ಚೈತ್ರದಲ್ಲಿ ಯಾರೋ ಒಬ್ಬರು ಅವರ ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು, ಅಷ್ಟಕ್ಕೇ ಮುಗಿಯುತ್ತಿತ್ತು. ಆ ವರ್ಷ ಅವರು ಒಂದು ಹೊಸ ಮಾತು ಹೇಳಿದರು. ಇನ್ನು ಮೇಲೆ ಮಧ್ಯಾಹ್ನ ಹಾಲಿನಲ್ಲಿ ಭಜನೆ ಮತ್ತು ಹೊಲಿಗೆ ನಡೆಯುತ್ತವೆ, ಪಾಠವನ್ನು ಸಂಜೆ ಸಾಲೆಯ ಕಟ್ಟಡದಲ್ಲಿ ಇಟ್ಟುಕೊಳ್ಳಲಿ ಎಂದು. ಸಾಲೆ ಇದ್ದದ್ದು ರೈಲು ಹಳಿಯ ಆಚೆ. ಅತ್ತೆಯವರನ್ನು ಕೇಳಿದೆ. "ಸಂಜಿಮುಂದ ಹಳಿ ದಾಟಿ ಹೋಗೋದು ಬ್ಯಾಡ," ಎಂದರು. ನನ್ನಂಥ ಇನ್ನೂ ಹಲವು ಸೊಸೆಯಂದಿರಿಗೆ ಅವರವರ ಮನೆಯಲ್ಲಿ ಅದೇ ಉತ್ತರ ಬಂತು.

ಪಾಠ ಹಾಲಿನಲ್ಲೇ ಉಳಿಯಬೇಕಾದರೆ ಅಧ್ಯಕ್ಷೆಯೇ ಬದಲಾಗಬೇಕಿತ್ತು. ಹಾಗೆ ಅಕ್ಕಾವರು ಚುನಾವಣೆಗೆ ನಿಂತರು.

ಅದರ ಹಿಂದಿನ ವರ್ಷವಷ್ಟೇ ಅಸೆಂಬ್ಲಿ ಚುನಾವಣೆ ನಡೆದಿತ್ತು. ಮಾವನವರು ವೋಟು ಹಾಕಿ ಬಂದು ಎರಡು ದಿನ ಅದೇ ಮಾತಾಡಿದ್ದರು. ಈಗ ನಮಗೂ ಒಂದು ಚುನಾವಣೆ. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಿಟ್ಟು ನಾದುವಾಗ ಯಾರ ಮನೆಯಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಜೋಡಿಸುತ್ತಿದ್ದೆ.

ಪ್ರಚಾರದಲ್ಲಿ ಒಂದು ದೊಡ್ಡ ತೊಡಕಿತ್ತು. ಚೈತ್ರಮಾಸವೆಂದರೆ ಮನೆಮನೆಯಲ್ಲೂ ಗೌರಿ ಕೂಡಿಸಿ ಅರಿಷಿಣ ಕುಂಕುಮಕ್ಕೆ ಕರೆಯುವ ಕಾಲ. ಹೆಂಗಸರು ಒಟ್ಟಿಗೆ ಸೇರುತ್ತಿದ್ದದ್ದು ಅಲ್ಲಿಯೇ. ವಕೀಲರ ವೈನಿಗೆ ದಿನಕ್ಕೆ ಮೂರು ಮನೆಯ ಕರೆ. ಅಕ್ಕಾವರನ್ನು ಯಾವ ಮನೆಗೂ ಕರೆಯುವಂತಿರಲಿಲ್ಲ. ಅವರ ಮಾತನ್ನು ನಾನೇ ಹೊತ್ತು ತಿರುಗಿದೆ. ಅತ್ತೆಯವರ ಹಿಂದೆ ಹೋಗಿ, ಕುಂಕುಮ ಹಚ್ಚಿಸಿಕೊಂಡು, ಪಾನಕದ ಲೋಟ ಹಿಡಿದು ಒಬ್ಬೊಬ್ಬರ ಪಕ್ಕ ಕೂಡುತ್ತಿದ್ದೆ.

"ಶಿರಸ್ತೇದಾರರ ಸೊಸಿ ಬಂದಳು ನೋಡ್ರಿ. ಕೋಸಂಬ್ರಿ ಬಾಯಿಗೆ ಹಾಕೋದರಾಗ ವೋಟು ಕೇಳ್ತಾಳ," ಎಂದರು ಒಬ್ಬರು.

"ಕೋಸಂಬ್ರಿನೂ ತಿಂತೀನ್ರಿ, ವೋಟೂ ಕೇಳ್ತೀನಿ," ಎಂದೆ.

"ಅಧ್ಯಕ್ಷೆ ಆದಾಕಿ ನಾಳೆ ಗೌರಿಗೆ ಆರತಿ ಬೆಳಗಬೇಕಲ್ಲವಾ. ನಿಮ್ಮ ಅಕ್ಕಾವರು ಹೆಂಗ ಬೆಳಗ್ತಾರ?"

"ಆರತಿ ನೀವು ಬೆಳಗ್ರಿ. ಅವರು ಪಾಠಾ ಹೇಳ್ತಾರ."

ಒಂದಿಬ್ಬರು ನಕ್ಕರು. ಅತ್ತೆಯವರು ನಗಲಿಲ್ಲ. ದಾರಿಯಲ್ಲಿ, "ಪ್ರಚಾರ ಮಾಡ್ತಿದ್ರ ಮಾಡು. ಮಂದಿ ಜಮಖಾನದ ಮ್ಯಾಲೆ ಪಾನಕಾ ಚೆಲ್ಲಬ್ಯಾಡ," ಎಂದರು. ಅವರು ವಕೀಲರ ವೈನಿಯ ಬಾಲ್ಯದ ಗೆಳತಿ. ಅವರ ವೋಟನ್ನು ನಾನು ಕೇಳಲೇ ಇಲ್ಲ.

ಆದರೆ ಆಸೆ ಬೆಳೆಯುತ್ತಿತ್ತು. ಕೆಲವು ಮನೆಗಳಲ್ಲಿ ನನ್ನ ಹಣೆಗೆ ಕುಂಕುಮ ಹಚ್ಚುವಾಗ ಸೊಸೆಯಂದಿರು ಬೆರಳನ್ನು ತುಸು ಒತ್ತಿ ಹಿಡಿಯುತ್ತಿದ್ದರು. ಅತ್ತೆಯಂದಿರ ಎದುರು ಬಾಯಿ ಬಿಡಲಾರದವರ ಒಪ್ಪಿಗೆ ಅದು. ಮನೆಗೆ ಬಂದು ಕನ್ನಡಿ ನೋಡಿದರೆ ಹಣೆ ಕೆಂಪಗಾಗಿರುತ್ತಿತ್ತು. ಗೆದ್ದೆವು ಎಂದುಕೊಳ್ಳುತ್ತಿದ್ದೆ.

ಮತದಾನಕ್ಕೆ ಶುಕ್ರವಾರ ಮಧ್ಯಾಹ್ನ ಗೊತ್ತಾಯಿತು. ಅದನ್ನು ನಡೆಸುವ ಹೊಣೆ ಅಡತಿ ಅಂಗಡಿಯ ಸಾವ್ಕಾರರ ಹೆಂಡತಿ ಸಾವ್ಕಾರ್ತಿಯದು. ಯಾರ ಪಕ್ಷಕ್ಕೂ ಸೇರದ, ದನಿ ದೊಡ್ಡದಾದ ಹೆಂಗಸು. ಬರಹ ಬಾರದವರೂ ಇದ್ದುದರಿಂದ ಒಳಗಿನ ಕೋಣೆಯಲ್ಲಿ ಎರಡು ಹಿತ್ತಾಳೆ ಕೊಡ ಇಟ್ಟರು. ಕುಂಕುಮ ಹಚ್ಚಿದ್ದು ವೈನಿಯದು, ಸೀಮೆಸುಣ್ಣದ ಗೆರೆ ಎಳೆದದ್ದು ಅಕ್ಕಾವರದು. ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಬೇಕಾದ ಕೊಡದಲ್ಲಿ ಒಂದು ಅಡಿಕೆ ಹಾಕಿ ಬರಬೇಕು. ಗದ್ದಲವಾಗದಂತೆ ಕೋಣೆಯ ಬಾಗಿಲಲ್ಲಿ ನಿಲ್ಲಲು ನನಗೆ ಹೇಳಿದರು.

ಎಲ್ಲರೂ ಸೇರಿದ ಮೇಲೆ ವಕೀಲರ ವೈನಿ ಎದ್ದರು. "ಚೈತ್ರದ ಶುಕ್ರವಾರ ಅದ. ಮುತ್ತೈದೇರಿಗೆ ಬರೀ ಕೈಲೆ ಅಡಿಕಿ ಕೊಡೋದು ಸರಿ ಕಾಣಂಗಿಲ್ಲ," ಎಂದು ತಟ್ಟೆ ತರಿಸಿದರು. ಒಬ್ಬೊಬ್ಬರಿಗೂ ತಾವೇ ಕುಂಕುಮ ಹಚ್ಚಿ, ಎಲೆಯ ಮೇಲೆ ಆ ಅಡಿಕೆ ಇಟ್ಟು ಕೊಟ್ಟರು. ವಿಧವೆಯರಿಗೆ ಸಾವ್ಕಾರ್ತಿ ಬರೀ ಅಡಿಕೆಯನ್ನು ಕೈಯಲ್ಲಿ ಹಾಕಿದರು.

ತಮ್ಮ ಕೈಯಿಂದ ಈಗಷ್ಟೇ ಕುಂಕುಮ ಹಚ್ಚಿದವರನ್ನು ಬಿಟ್ಟು ಯಾವ ಮುತ್ತೈದೆ ಸುಣ್ಣದ ಗೆರೆಯ ಕೊಡಕ್ಕೆ ಕೈ ಚಾಚುತ್ತಾಳೆ? ನಾನು ಅಕ್ಕಾವರ ಕಡೆ ನೋಡಿದೆ. ಅವರು ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ಸರತಿ ಮುಂದಕ್ಕೆ ಸರಿಯುತ್ತಿತ್ತು. ಹಾಕಿ ಬಂದವರು ಯಾರೂ ನನ್ನ ಮುಖ ನೋಡಲಿಲ್ಲ. ಅತ್ತೆಯವರು ಒಳಗೆ ಹೋಗಿ ಬಂದು, ದೀಪದ ಹೊತ್ತು ಹತ್ತಿರವಾಯಿತೆಂದು ಬೇರೆ ಹಿರಿಯರೊಡನೆ ಮನೆಗೆ ಹೊರಟುಹೋದರು.

ಸಾವ್ಕಾರ್ತಿ ಎರಡೂ ಕೊಡಗಳನ್ನು ಜಮಖಾನದ ಮೇಲೆ ಬೋರಲು ಹಾಕಿದರು. ಎಣಿಸುವ ಅಗತ್ಯವೇ ಇರಲಿಲ್ಲ. ಸುಣ್ಣದ ಗೆರೆಯ ಕೊಡದ ರಾಶಿ ದೊಡ್ಡದು.

ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ನನಗೆ ಕಾಲು ನೆಲದ ಮೇಲಿರಲಿಲ್ಲ. ಆದರೆ ಸಾವ್ಕಾರ್ತಿ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಎಣಿಸಿದರು. "ಯವ್ವಾ, ಇದು ಹೊಂದವಲ್ದು. ಮಂದಿ ಜಾಸ್ತಿ ಇದ್ರು, ಅಡಿಕಿ ಕಡಿಮಿ ಅದಾವು."

ವಕೀಲರ ವೈನಿ ನಿಧಾನವಾಗಿ ಕೇಳಿದರು, "ಕೋಣಿ ಬಾಗಿಲದಾಗ ಯಾರು ನಿಂತಿದ್ರು?"

ಎಲ್ಲರೂ ನನ್ನ ಕಡೆ ತಿರುಗಿದರು. "ನಾ ಒಳಗ ಕಾಲು ಇಟ್ಟಿಲ್ರಿ," ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿ.

"ಕುಂಕುಮದ ಕೊಡದ್ದೇ ಹೆಂಗ ಕಡಿಮಿ ಆಗ್ತಾವ? ಸೊಸ್ತೇರೆಲ್ಲಾ ಒಂದಾಗಿ ಛಲೋ ಪಾಠಾ ಕಲ್ತೀರಿ," ಎಂದರು ಇನ್ನೊಬ್ಬರು. ಈ ಮಾತು ಅತ್ತೆಯವರ ಕಿವಿಗೆ ಬಿದ್ದರೆ ಪಾಠ ಹೋಗಲಿ, ನಾನು ಹೊಸ್ತಿಲು ದಾಟುವುದೇ ನಿಲ್ಲುತ್ತಿತ್ತು. ಅಕ್ಕಾವರು ಎದ್ದು ಬಂದು ನನ್ನ ಪಕ್ಕ ನಿಂತರು. "ಆಕಿ ಸೀರಿ ನಿರಿಗಿ, ಉಡಿ, ಎಲ್ಲಾ ನೋಡ್ರಿ. ಈಗ, ನಮ್ಮೆಲ್ಲಾರ ಮುಂದ," ಎಂದರು.

ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕಿ, ಸೆಕೆಗೆ ಮುಖ ಒರೆಸಿಕೊಳ್ಳಲು ಸೆರಗಿನ ತುದಿ ಬಿಚ್ಚಿದಳು. ಎಲೆಯಲ್ಲಿ ಸುತ್ತಿದ್ದ ಅಡಿಕೆ ಜಮಖಾನದ ಮೇಲೆ ಉರುಳಿತು.

"ಇದ್ಯಾಕ ಇಲ್ಲೈತಿ?" ಎಂದರು ಸಾವ್ಕಾರ್ತಿ.

"ಎಲ್ಲಿರಬೇಕ್ರಿ ಮತ್ತ?" ಮುದುಕಿಗೆ ಸಿಟ್ಟು ಬಂತು. "ಕುಂಕುಮದ ಜೋಡಿ ಕೊಟ್ಟ ಅಡಿಕಿ ಶುಕ್ರವಾರ ತಿರುಗಿ ಕೊಟ್ಟು ಬರ್ತಾರೇನು? ಸೆರಗಿಗೆ ಕಟ್ಟಿದೆ. ಕೊಡಕ್ಕ ನಮಸ್ಕಾರ ಮಾಡಿ ಬಂದೆ."

"ನಮಸ್ಕಾರ ಎಣಸಾಕ ಬರ್ತೈತೇನ್ರಿ?"

ನಗೆ ಎದ್ದಿತು. ಆಗ ಇನ್ನೂ ಮೂರು ನಾಲ್ಕು ಸೆರಗಿನ ಗಂಟು ಬಿಚ್ಚಿಕೊಂಡವು. ಮುತ್ತೈದೆತನದ ಅಡಿಕೆಯನ್ನು ಬಿಟ್ಟುಬರಲು ಕೈ ಬಾರದವರೆಲ್ಲ ವಯಸ್ಸಾದವರು, ಅಂದರೆ ವೈನಿಯ ಕಡೆಯವರು. ನಮ್ಮ ಹುಡುಗಿಯರಿಗೆ ಆ ಅಳುಕಿರಲಿಲ್ಲ. ವಿಧವೆಯರಿಗೆ ಕುಂಕುಮವನ್ನೇ ಕೊಟ್ಟಿರಲಿಲ್ಲ.

ವೈನಿಯ ಮುಖ ಕೆಂಪಾಯಿತು. ನಮ್ಮ ಹುಡುಗಿಯರಲ್ಲೊಬ್ಬಳು, "ಕೊಡದಾಗ ಬಿದ್ದದ್ದು ಮತಾ. ಸೆರಗಿನಾಗ ಇದ್ದದ್ದು ಪ್ರಸಾದ," ಎಂದಳು. ಸಾವ್ಕಾರ್ತಿಯೂ ತಲೆಯಾಡಿಸಿದರು. ಗೆಲುವು ನಮ್ಮ ಕೈಯಲ್ಲಿತ್ತು.

ಅಕ್ಕಾವರು ಒಪ್ಪಲಿಲ್ಲ. "ಅವರು ಮತಾ ಹಾಕಲಿಕ್ಕೆ ಬಂದಿದ್ರು. ಹಾಕೀವಿ ಅಂತ ತಿಳಕೊಂಡು ಹೋಗ್ಯಾರ. ಎಲ್ಲಾರಿಗೂ ಬ್ಯಾರೆ ಅಡಿಕಿ, ಬರೀ ಕೈಲೆ. ಮತ್ತೊಮ್ಮೆ ಆಗಲಿ." ನನ್ನ ಕಡೆ ತಿರುಗಿ, "ಮನಿಗೆ ಹೋದವರ್ನ ಕರಕೊಂಡು ಬಾ. ದೀಪಾ ಹಚ್ಚೋದರಾಗ ಬರಬೇಕು," ಎಂದರು.

ದೀಪ ಹಚ್ಚಿದ ಮೇಲೆ ಶುಕ್ರವಾರ ಯಾವ ಗೃಹಿಣಿಯೂ ಮನೆ ಬಿಟ್ಟು ಬರುವುದಿಲ್ಲ. ಹೊರಗೆ ಅಡ್ಡಮಳೆಯ ಮೋಡ ಕಟ್ಟಿ ಆಗಲೇ ಕತ್ತಲೆಯಾಗುತ್ತಿತ್ತು. ನಾನು ನಿಧಾನಕ್ಕೆ ನಡೆದರೆ ಸಾಕಿತ್ತು. ಎರಡು ಮನೆಯ ಬಾಗಿಲಲ್ಲಿ ಸ್ವಲ್ಪ ಮಾತಾಡುತ್ತ ನಿಂತರೂ ಸಾಕಿತ್ತು. ಪಾಠ ಉಳಿಯುತ್ತಿತ್ತು. ಅದೆಲ್ಲ ತಲೆಯಲ್ಲಿ ಸುಳಿಯುತ್ತಲೇ ನಾನು ಓಡುತ್ತಿದ್ದೆ. ಓಣಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ, ಒಂದು ಮನೆಯನ್ನೂ ಬಿಡದೆ.

"ಗೆದ್ದೀರಂತಲ್ಲ. ಸೋಲಿಸ್ರಿ ಅಂತ ನನ್ನ ಕರೀಲಿಕ್ಕೆ ಬಂದೀಯೇನು?" ಎಂದು ಒಬ್ಬ ಹಿರಿಯ ಮುತ್ತೈದೆ ಬಾಗಿಲಲ್ಲೇ ನಿಂತು ಕೇಳಿದರು. ಸುದ್ದಿ ನನಗಿಂತ ಮೊದಲೇ ಹೋಗಿತ್ತು.

"ಹೌದ್ರಿ. ಲಗೂ ಬರ್ರಿ," ಎಂದೆ.

ಕಡೆಯದು ನಮ್ಮ ಮನೆ. ಅತ್ತೆಯವರು ಎಣ್ಣೆ ಹಾಕಿದ ಸಮೆಯ ದೀಪ ಹಿಡಿದು ದೇವರ ಮುಂದೆ ನಿಂತಿದ್ದರು. ಬತ್ತಿ ಇನ್ನೂ ಹೊತ್ತಿರಲಿಲ್ಲ. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ.

ಅವರ ಕೈ ಸೆರಗಿನ ಗಂಟಿಗೆ ಹೋಯಿತು. "ಯಾರು ಕಳಿಸಿದ್ರು? ವೈನಿನೋ?"

"ಅಕ್ಕಾವರು."

"ನಾ ಯಾರಿಗೆ ಹಾಕ್ತೀನಿ ಅಂತ ಆಕಿಗೆ ಗೊತ್ತಿಲ್ಲೇನು?"

"ಗೊತ್ತದ ರೀ."

ಅವರು ಗಡಿಯಾರ ನೋಡಿದರು. ನಾನು ಬಂದಾಗಿನಿಂದ ಆ ಮನೆಯಲ್ಲಿ ದೀಪದ ಹೊತ್ತು ತಪ್ಪಿರಲಿಲ್ಲ. ಸಮೆಯನ್ನು ಹಾಗೇ ಕೆಳಗಿಟ್ಟರು. "ನಡಿ. ಬಂದು ಹಚ್ತೀನಿ."

ಎರಡನೆಯ ಸಲ ಯಾರೂ ಕುಂಕುಮ ಕೊಡಲಿಲ್ಲ. ಬಾಗಿಲಲ್ಲಿ ಸಾವ್ಕಾರ್ತಿಯೇ ನಿಂತರು. ಹೊರಗೆ ದಪ್ಪ ಹನಿ ಬೀಳತೊಡಗಿದ್ದವು. ಕೊಡ ಬೋರಲು ಹಾಕಿದಾಗ ಎರಡು ರಾಶಿಗಳೂ ಒಂದೇ ಕಂಡವು. ಸಾವ್ಕಾರ್ತಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಅಡಿಕೆ ತೆಗೆದು ಬದಿಗಿಡುತ್ತ ಹೋದರು. ಸುಣ್ಣದ ಗೆರೆಯ ಕೊಡದ ರಾಶಿ ಮುಗಿಯಿತು. ಕುಂಕುಮದ್ದರಲ್ಲಿ ಮೂರು ಉಳಿದವು.

ಅಕ್ಕಾವರು ವಕೀಲರ ವೈನಿಗೆ ಕೈ ಮುಗಿದು, ಸೊಂಟದಿಂದ ಹಾಲಿನ ಕೀಲಿಕೈ ತೆಗೆದು ಅವರ ಮುಂದಿಟ್ಟರು. ವೈನಿ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಆದರೆ ಭಜನೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಮಳೆಯಲ್ಲಿ ಅತ್ತೆಯವರ ಹಿಂದೆ ನಡೆದೆ. ಅಳುವುದು ಕಾಣಿಸದಿರಲೆಂದು ಸೆರಗನ್ನು ಮುಂದಕ್ಕೆ ಎಳೆದುಕೊಂಡಿದ್ದೆ.

"ನಾ ವೈನಿಗೇ ಹಾಕೀನಿ," ಎಂದರು ಅತ್ತೆಯವರು, ತಿರುಗಿ ನೋಡದೆ. "ನಿನ್ನ ಮುಂದ ಯಾಕ ಸುಳ್ಳು ಹೇಳ್ಲಿ?"

ನಾನು ಕೆಸರು ತಪ್ಪಿಸಿ ಅವರ ಹಿಂದೆಯೇ ಕಾಲು ಹಾಕಿದೆ.

"ಆಕಿ ಸಮಾಜದ ಅಧ್ಯಕ್ಷೆ ಇರಲಿ. ನನ್ನ ಪಡಸಾಲ್ಯಾಗ ಏನು ನಡೀಬೇಕಂತ ಆಕಿ ಹೇಳಂಗಿಲ್ಲ. ನಿಮ್ಮ ಮಾವನವರು ಕೋರ್ಟಿನಿಂದ ಬರೋದು ಐದೂವರಿಗೆ. ನಾಲ್ಕಕ್ಕ ಮುಗೀತದೋ ಇಲ್ಲೋ ನಿಮ್ಮ ಪಾಠಾ?"

"ಮುಗೀತದ ರೀ."

"ಒಂದು ನಿಮಿಷ ಹೆಚ್ಚಿಗಿ ನಡಿಯಂಗಿಲ್ಲ. ತೂಗುಮಂಚದ ಮ್ಯಾಲೆ ಯಾರೂ ಕೂಡಂಗಿಲ್ಲ."

ಸೋಮವಾರ ಎರಡಕ್ಕೆ ಇನ್ನೂ ಐದು ನಿಮಿಷವಿರುವಾಗ ಅಕ್ಕಾವರು ಬಂದರು. ಚೈತ್ರ ಮುಗಿದಿರಲಿಲ್ಲ. ಒಳಗೆ ಗೌರಿ ಕೂತಿದ್ದಳು. ಅಕ್ಕಾವರು ಅಂಗಳದಲ್ಲೇ ನಿಂತರು. ನಾನೂ ಏನು ಹೇಳಬೇಕೆಂದು ತಿಳಿಯದೆ ಬಾಗಿಲ ಈಚೆ ನಿಂತೆ. ಒಳಗಿನಿಂದ ಅತ್ತೆಯವರ ದನಿ ಬಂತು.

"ಒಳಗ ಬರ್ರಿ ಅಕ್ಕಾವರ. ಅಲ್ಲೇ ನಿಂತ್ರ ನಾಲ್ಕಕ್ಕ ಹೆಂಗ ಮುಗೀತದ?"