ಕಂಕುಳಿನ ಚೌಕ

ಪೊಲೀಸ್ ಠಾಣೆಯ ಗೇಟಿನ ಎಡಕ್ಕೆ, ಒಂದು ಕಾಲದಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದ ಎಂಟಡಿ ಉದ್ದ ಆರಡಿ ಅಗಲದ ಕೋಣೆಯಲ್ಲಿ ಟೇಪಣ್ಣ ಮೂವತ್ತೊಂದು ವರ್ಷದಿಂದ ಕೂತಿದ್ದ. ಹೊಲಿಗೆಯವನಾದ್ದರಿಂದ ಅಳತೆ ಟೇಪು ಸದಾ ಕೊರಳಲ್ಲಿ. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಹೆಸರು ಹಾಗೆ ಬಂದದ್ದು. ತಂದೆತಾಯಿ ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಮತದಾರರ ಪಟ್ಟಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಹೆಂಡತಿ ಮಾತ್ರ ಆಗಾಗ ಆ ಟೇಪಿನ ಕಡೆ ನೋಡಿ, ನಿಮ್ಮ ಕೊರಳಿಗೆ ಮೊದಲು ಬಿದ್ದಿದ್ದು ಅದು, ನಾನು ಆಮೇಲೆ ಬಿದ್ದೆ, ಎಂದು ಕುಟುಕುತ್ತಿದ್ದಳು.

ಅವನು ಹೊಲಿಯುತ್ತಿದ್ದದ್ದು ಖಾಕಿ ಒಂದನ್ನೇ. ಬೆಳಗ್ಗೆ ಖಾಕಿ, ಸಂಜೆ ಖಾಕಿ. ಮೂವತ್ತೊಂದು ವರ್ಷ ಒಂದೇ ಬಣ್ಣ ನೋಡಿ ನೋಡಿ ಅವನ ಕಣ್ಣೂ ಅದೇ ಬಣ್ಣಕ್ಕೆ ತಿರುಗಿದೆ ಎಂದು ಠಾಣೆಯವರು ತಮಾಷೆ ಮಾಡುತ್ತಿದ್ದರು. ತಿರುಗಿತ್ತೋ ಇಲ್ಲವೋ, ಮಂಜಂತೂ ಆಗಿತ್ತು. ಸೂಜಿಗೆ ದಾರ ಪೋಣಿಸಲು ಈಗ ಯಾರಾದರೂ ಬೇಕಾಗುತ್ತಿತ್ತು. ಠಾಣೆಗೆ ದೂರು ಕೊಡಲು ಬಂದವರನ್ನೇ ಕರೆದು, ಅಮ್ಮಾ, ಇದೊಂದು ಪೋಣಿಸಿ ಕೊಟ್ಟು ಒಳಗೆ ಹೋಗಿ, ಎನ್ನುತ್ತಿದ್ದ. ಒಳಗೆ ಹೋದ ಮೇಲೆ ಅವರ ಕೆಲಸ ಆಗುತ್ತದೋ ಇಲ್ಲವೋ, ಹೊರಗೆ ಒಂದು ಕೆಲಸವಾದರೂ ಆಗುತ್ತಿತ್ತು.

ಪೊಲೀಸರ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಸೊಂಟದ ಮೂಲಕ. ಕೆಲಸಕ್ಕೆ ಸೇರುವಾಗ ಇಪ್ಪತ್ತೆಂಟು ಇಂಚು. ಮೊದಲ ವರ್ಗಾವಣೆ ಹೊತ್ತಿಗೆ ಮೂವತ್ತನಾಲ್ಕು. ಒಳ್ಳೆ ಠಾಣೆ ಸಿಕ್ಕಿತೆಂದರೆ ನಲವತ್ತು. ಅವನಿಗೆ ಕೆಲಸ ಕಲಿಸಿದ ಗುರು ಅದಕ್ಕೇ ಹೇಳುತ್ತಿದ್ದದ್ದು: ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡು, ಸರ್ಕಾರಿ ಮನುಷ್ಯ ಬೆಳೀತಾನೆ. ಟೇಪಣ್ಣ ಬಿಡುತ್ತಿದ್ದ. ವರ್ಷಕ್ಕೊಮ್ಮೆ ಅವೇ ಅಂಗಿಗಳು ಬಂದು ಹೊಲಿಗೆ ಬಿಚ್ಚಿಸಿಕೊಂಡು, ಉಸಿರಾಡಿಕೊಂಡು ಹೋಗುತ್ತಿದ್ದವು. (ಯಾವ ಹುದ್ದೆಯೂ ಇಲ್ಲದ ನಮ್ಮಂಥವರ ಹೊಟ್ಟೆಯೂ ಬೆಳೆಯುತ್ತದಲ್ಲ ಎಂದು ಕೇಳಬೇಡಿ. ಅದು ಬೇರೆ ವಿಷಯ, ಮತ್ತು ನೋವಿನ ವಿಷಯ.)

ಇಡೀ ಠಾಣೆಯಲ್ಲಿ ಬೆಳೆಯದವನು ಒಬ್ಬನೇ. ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷದಲ್ಲಿ ಅವನ ಸೊಂಟ ಮೂವತ್ತೆರಡರಿಂದ ಅತ್ತ ಇತ್ತ ಕದಲಲಿಲ್ಲ. ಟೇಪಣ್ಣ ಅವನನ್ನು ಕರೆಯುತ್ತಿದ್ದದ್ದೇ ‘ಮೂವತ್ತೆರಡು’ ಎಂದು. ಲೋಕದಲ್ಲಿ ಇನ್ನೂ ಸತ್ಯ ಇದೆ ಎನ್ನುವುದಕ್ಕೆ ಈ ಸೊಂಟವೇ ಸಾಕ್ಷಿ ಎಂದು ಬಹಳ ವರ್ಷ ನಂಬಿಕೊಂಡಿದ್ದ. ಒಮ್ಮೆ ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. ಮೂವತ್ತೆರಡು ನಗಲೂ ಇಲ್ಲ.

“ಸತ್ಯ ಅಲ್ಲ ಪುಣ್ಯಾತ್ಮ, ಅಲ್ಸರ್,” ಎಂದ. “ಮನೆ ಊಟಾನೇ ದಕ್ಕಲ್ಲ, ಇನ್ನು ಬೇರೆಯವರದ್ದು ಎಲ್ಲಿ ತಿನ್ನಲಿ?”

ಆದರೂ ಟೇಪಣ್ಣನಿಗೆ ಅವನ ಮೇಲೆ ಗೌರವ. ಕಾರಣ ಬಲ ಭುಜ. ಹನ್ನೊಂದು ವರ್ಷದ ಹಿಂದೆ ಮೂವತ್ತೆರಡು ಒಬ್ಬ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ, ಅವನ ಜೊತೆಗೇ ಗೋಡೆ ಹಾರಿ, ಅವನ ಕೆಳಗೆ ಬಿದ್ದಿದ್ದ. ಕಳ್ಳ ಸಿಕ್ಕ, ಭುಜದ ಮೂಳೆ ಸೊಟ್ಟ ಕೂಡಿಕೊಂಡಿತು. ಆಮೇಲೆ ಕೈ ಮೇಲೇಳಬೇಕಾದರೆ ಭುಜ ಒಂದು ಸುತ್ತು ಬಳಸಿಕೊಂಡು ಏಳಬೇಕು. ಸಲ್ಯೂಟ್ ಹೊಡೆದಾಗಲೆಲ್ಲ ಅಂಗಿಯ ಕಂಕುಳು ಪರ್ ಎಂದು ಹರಿಯುತ್ತಿತ್ತು. ಎರಡು ಅಂಗಿ ಹೋದ ಮೇಲೆ ಟೇಪಣ್ಣ ಕೂತು ಯೋಚಿಸಿ, ಬಲ ಕಂಕುಳಿಗೆ ಅಂಗೈಯಗಲದ ಒಂದು ಚೌಕ ತುಂಡನ್ನು ಓರೆಯಾಗಿ ಸೇರಿಸಿ ಹೊಲಿದ. ಅದೇ ಬಟ್ಟೆ, ಅದೇ ದಾರ. ಬೆರಳಿಟ್ಟು ಹುಡುಕಿದರೆ ಮಾತ್ರ ಸಿಗಬೇಕು. ಅಂದಿನಿಂದ ಮೂವತ್ತೆರಡರ ಸಲ್ಯೂಟು ಹುಬ್ಬಿನ ತನಕ ನೆಟ್ಟಗೆ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಹೊಡೆಯುತ್ತಾನೆ ಎನ್ನುವುದು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಟೇಪಣ್ಣನಿಗೆ.

ಹೀಗಿರುವಾಗ ಊರಿಗೆ ಆ ಹಿಂದಿ ಸಿನಿಮಾ ಬಂತು. ಒಬ್ಬ ಪ್ರಾಮಾಣಿಕ ಪೊಲೀಸ್ ಅಧಿಕಾರಿ. ಅವನ ಸುತ್ತ ಲಂಚಕೋರರ ಸೈನ್ಯ. ಇವನು ಒಬ್ಬನೇ ನಿಂತು ಮಂತ್ರಿಯಿಂದ ಹಿಡಿದು ಅಡ್ಡೆಯ ಪುಂಡರವರೆಗೆ ಎಲ್ಲರನ್ನೂ ಬಡಿದು ಹಾಕುತ್ತಾನೆ. ಠಾಣೆಗೆ ಠಾಣೆಯೇ ಹೋಗಿ ನೋಡಿ ಬಂತು. ವಸೂಲಿಗೆ ಹೊರಟವರು ದಾರಿಯಲ್ಲಿ ಮ್ಯಾಟಿನಿಗೆ ನುಗ್ಗಿ, ಅತ್ತು, ಮೂಗು ಒರೆಸಿಕೊಂಡು, ಮತ್ತೆ ವಸೂಲಿಗೇ ಹೋದರು. ಒಂದು ವಾರ ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದ್ದರಿಂದ ಮೆಟ್ಟಿಲು ಕಾಣದೆ ಇಬ್ಬರು ಎಡವಿಬಿದ್ದರು.

ಇನ್‌ಸ್ಪೆಕ್ಟರ್ ಸಾಹೇಬರಿಗೆ ಸಿನಿಮಾ ಎಲ್ಲರಿಗಿಂತ ಹೆಚ್ಚು ತಾಗಿತ್ತು. ಒಂದು ಮಧ್ಯಾಹ್ನ ಅವರೇ ಟೇಪಣ್ಣನ ಕೋಣೆಯ ಬಾಗಿಲಿಗೆ ಬಂದು ನಿಂತರು. ಹದಿನೈದು ದಿನಕ್ಕೆ ಪೊಲೀಸ್ ಮೈದಾನದಲ್ಲಿ ಪದಕ ಕೊಡುವ ಸಮಾರಂಭ. ಸಾಹೇಬರ ಹೆಸರೂ ಪಟ್ಟಿಯಲ್ಲಿತ್ತು. ಯಾಕೆ ಎನ್ನುವುದು ಪಟ್ಟಿ ಮಾಡಿದವರಿಗೆ ಗೊತ್ತು. ಆ ದಿನಕ್ಕೆ ಅವರಿಗೆ ಸಿನಿಮಾದ ಹೀರೋ ಹಾಕಿದಂಥದ್ದೇ ಅಂಗಿ ಬೇಕಿತ್ತು. ಮೈಗೆ ಬಣ್ಣ ಬಳಿದ ಹಾಗಿರಬೇಕು, ಒಂದು ನೆರಿಗೆ ಕಾಣಬಾರದು. ಸಾಹೇಬರ ಸೊಂಟ ನಲವತ್ತೆರಡು ಎನ್ನುವುದನ್ನು ಟೇಪಣ್ಣ ನೆನಪಿಸಲಿಲ್ಲ. ಅಂಥ ವಿಷಯವನ್ನು ಟೇಪು ಹೇಳಬಹುದು, ಮನುಷ್ಯ ಹೇಳಬಾರದು.

ಹೋಗುವ ಮುಂಚೆ ಸಾಹೇಬರು ಕೋಣೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಅವರ ಭಾವಮೈದ ಒಂದು ಜೆರಾಕ್ಸ್ ಅಂಗಡಿ ಇಡಬೇಕೆಂದಿದ್ದಾನಂತೆ. ಠಾಣೆ ಬಾಗಿಲಲ್ಲೇ ಆದರೆ ಜನಕ್ಕೂ ಅನುಕೂಲ ಅಂತೆ.

“ನೋಡೋಣ ಟೇಪಣ್ಣ,” ಎಂದರು. “ಮೊದಲು ಅಂಗಿ ಬರಲಿ. ಆಮೇಲೆ ಕೋಣೆ ಮಾತು.”

ಕೋಣೆಗೆ ಕಾಗದವಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಬ್ಬ ಇನ್‌ಸ್ಪೆಕ್ಟರು, ಇಲ್ಲೇ ಕೂತ್ಕೋ, ಎಂದಿದ್ದರು. ಇವನು ಕೂತಿದ್ದ, ಅಷ್ಟೇ. ಆಮೇಲೆ ಬಂದ ಹದಿನಾಲ್ಕು ಜನ ಇನ್‌ಸ್ಪೆಕ್ಟರುಗಳೂ ಏಳು ಎನ್ನದಿದ್ದದ್ದೇ ಅವನ ಪಟ್ಟಾ. ಐವತ್ತೆಂಟನೆಯ ವಯಸ್ಸಿನಲ್ಲಿ, ಮಂಜುಗಣ್ಣಿನಲ್ಲಿ, ಆ ಗೇಟಿನಿಂದ ಎದ್ದರೆ ಖಾಕಿ ಹುಡುಕಿಕೊಂಡು ಅವನ ಹಿಂದೆ ಯಾರೂ ಬರುವವರಲ್ಲ. ಅದು ಅವನಿಗೂ ಗೊತ್ತಿತ್ತು, ಹೊಲಿಗೆ ಯಂತ್ರಕ್ಕೂ ಗೊತ್ತಿತ್ತು.

ಹೀಗಾಗಿ ಟೇಪಣ್ಣ ಸಿನಿಮಾಕ್ಕೆ ಹೋದ. ಹೆಂಡತಿಗೆ ಆಶ್ಚರ್ಯ. ಮದುವೆಯಾದ ಮೇಲೆ ಅವನು ತಾನಾಗಿ ಸಿನಿಮಾಕ್ಕೆ ಕರೆದದ್ದು ಅದೇ ಮೊದಲು. ಅವಳು ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಮರುದಿನ ಮತ್ತೆ ಕರೆದಾಗ ಅನುಮಾನಪಟ್ಟಳು. ಮೂರನೆಯ ದಿನ ಅವನೊಬ್ಬನೇ ಹೋದ. ಮೂರು ಸಲ ನೋಡಿದರೂ ಖಳನಾಯಕ ಯಾರು, ಹೀರೋನ ಅಣ್ಣ ಯಾಕೆ ಸತ್ತ ಎಂದು ಅವನಿಗೆ ತಿಳಿಯಲಿಲ್ಲ. ಹಿಂದಿ ಬಾರದ್ದು ಒಂದು ಕಾರಣ. ಅವನು ಮುಖದ ಕಡೆ ನೋಡದೇ ಇದ್ದದ್ದು ಇನ್ನೊಂದು. ಎಲ್ಲರೂ ಹೀರೋನ ಕಣ್ಣಲ್ಲಿ ನೀರು ನೋಡುತ್ತಿದ್ದಾಗ ಇವನು ಕಾಲರ್ ಪಟ್ಟಿ ನೋಡುತ್ತಿದ್ದ.

ಮೂರನೆಯ ಸಲ ಒಂದು ಹೊಡೆದಾಟದ ನಡುವೆ ಅವನು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟ. ಹೀರೋ ನಿಂತು ಮಾತಾಡುವಾಗ ಅಂಗಿ ಮೈಗೆ ಅಂಟಿದಂತೆ ಇತ್ತು. ಅದೇ ಹೀರೋ ಒಬ್ಬನನ್ನು ತಲೆಯ ಮೇಲೆತ್ತಿ ಬಿಸಾಡುವಾಗ, ಒಂದೇ ಒಂದು ಕ್ಷಣ, ಕಂಕುಳಲ್ಲಿ ಓರೆಯಾಗಿ ಕೂತ ಒಂದು ಚೌಕ ಕಾಣಿಸಿತು. ಅಂದರೆ ಅಂಗಿ ಎರಡು. ನಿಲ್ಲೋದಕ್ಕೊಂದು, ಹೊಡೆಯೋದಕ್ಕೊಂದು. ಇದು ನಮ್ಮ ಮೂವತ್ತೆರಡರ ಅಂಗಿ ಕಣಯ್ಯಾ, ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಒಂದು ಸೀಟು ಆಚೆ ಸರಿದು ಕೂತ.

ಹತ್ತು ದಿನ ಹೊಲಿದ. ಒಳಗೆ ಬಿಡುವ ಎರಡು ಬೆರಳು ಬಟ್ಟೆಯನ್ನು ಜೀವಮಾನದಲ್ಲಿ ಮೊದಲ ಸಲ ಕತ್ತರಿಸಿ ಎಸೆದ. ಬಿಟ್ಟರೆ ಬಿಗಿ ಅಂಗಿಯ ಮೇಲೆ ಗೆರೆ ಎದ್ದು ಕಾಣುತ್ತದೆ. ಗುರು ಬದುಕಿದ್ದರೆ ಕತ್ತರಿ ಕಿತ್ತುಕೊಳ್ಳುತ್ತಿದ್ದರು. ಆದರೆ ಎರಡೂ ಕಂಕುಳಿಗೆ ಕೇಳದೇ ಚೌಕ ಇಟ್ಟ. ಅಷ್ಟು ಬಿಗಿ ಅಂಗಿಯಲ್ಲಿ ಚೌಕವಿಲ್ಲದೆ ಕೈಯೆತ್ತಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಆಗುವುದು ಕವಾಯತಿನ ನಡುವೆ, ಮೇಲಧಿಕಾರಿಗಳ ಎದುರಿಗೆ. ಆಮೇಲೆ ಕೋಣೆಯ ಮಾತೇ ಬೇಕಿರಲಿಲ್ಲ.

ಅಂಗಿ ತೊಟ್ಟು ಸಾಹೇಬರು ಕನ್ನಡಿಯ ಮುಂದೆ ನಿಂತರು. ಹೊಟ್ಟೆ ಒಳಗೆಳೆದುಕೊಂಡರು. ಸಲ್ಯೂಟ್ ಹೊಡೆದರು, ಅಂಗಿ ತುಟಿಪಿಟಕ್ಕೆನ್ನಲಿಲ್ಲ. ಇಡೀ ಮೂವತ್ತೊಂದು ವರ್ಷದಲ್ಲಿ ಇಂಥ ಅಂಗಿ ತಾನು ಹೊಲಿದಿಲ್ಲ ಎಂದು ಟೇಪಣ್ಣನಿಗೆ ಅನ್ನಿಸಿತು. ಅಷ್ಟರಲ್ಲಿ ಸಾಹೇಬರ ಬೆರಳು ಕಂಕುಳಿಗೆ ಹೋಯಿತು.

“ಇದೇನಯ್ಯಾ ಇದು? ತೇಪೆ?”

“ತೇಪೆ ಅಲ್ಲ ಸಾರ್. ಕೈ ಮೇಲೇಳೋಕೆ. ಹೀರೋನೂ ಹಾಕಿದಾನೆ, ಹೊಡೆದಾಟದಲ್ಲಿ. ಮೂರು ಸಲ ನೋಡಿ ಬಂದೆ.”

“ನಾನು ಐದು ಸಲ ನೋಡಿದೀನಿ. ಪ್ರಾಮಾಣಿಕ ಆಫೀಸರಿಗೆ ಯಾವನಾದರೂ ತೇಪೆ ಹಾಕ್ತಾನಾ? ತೆಗಿ ಅದನ್ನ.”

“ತೆಗೆದರೆ ಕೈ ಪೂರ್ತಿ ಎತ್ತಬಾರದು ಸಾರ್.”

“ತೆಗಿ ಅಂದೆ. ಕೋಣೆ ಬೇಕೋ ಬೇಡ್ವೋ?”

ಟೇಪಣ್ಣ ತೆಗೆದ. ಬಿಚ್ಚಿದ ಎರಡು ಚೌಕಗಳನ್ನು ಬಿಸಾಡಲು ಮನಸ್ಸು ಬಾರದೆ ಯಂತ್ರದ ಡ್ರಾಯರಿನಲ್ಲಿಟ್ಟ. ಸಮಾರಂಭಕ್ಕೆ ಉಳಿದಿದ್ದ ಎರಡು ದಿನವೂ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. ಅವನಿಗೂ ಅಲ್ಸರ್ ಹಿಡಿಯಿತೇನೋ ಎಂದು ಹೆಂಡತಿ ಗಾಬರಿಯಾದಳು.

ಸಮಾರಂಭದ ದಿನ ಅವನು ಮೈದಾನದ ಬೇಲಿ ಹಿಡಿದುಕೊಂಡು ನಿಂತ. ಮೂವತ್ತೆರಡು ಪದಕದ ತಟ್ಟೆ ಹಿಡಿದು, ಪದಕ ಕೊಡಲು ಬಂದಿದ್ದ ದೊಡ್ಡ ಸಾಹೇಬರ ಹಿಂದೆ ನಿಂತಿದ್ದ. ಅವನಿಗೆ ಕೊಟ್ಟಿದ್ದದ್ದು ತಟ್ಟೆ ಹಿಡಿಯುವ ಕೆಲಸ. ಇನ್‌ಸ್ಪೆಕ್ಟರ ಹೆಸರು ಕೂಗಿದರು. ಬಿಸಿಲಿನಲ್ಲಿ ಅಂಗಿ ಮಿಂಚುತ್ತಿತ್ತು. ಸಾಹೇಬರು ನಡೆದು ಬಂದು ನಿಂತು ಕೈ ಎತ್ತಿದರು. ಗಲ್ಲದ ಮಟ್ಟಕ್ಕೆ ಬಂದಾಗ ಹೊಲಿಗೆ ಅವರಿಗೆ ಮಾತ್ರ ಕೇಳುವಷ್ಟು ಪಿಸುಗುಟ್ಟಿರಬೇಕು. ಕೈ ಅಲ್ಲೇ ನಿಂತಿತು. ಮೊಣಕೈ ಪಕ್ಕೆಗೆ ಅಂಟಿ, ಬೆರಳು ಗಲ್ಲದ ಹತ್ತಿರ. ಮೀಸೆಗೆ ಕೂತ ನೊಣ ಓಡಿಸುವವರ ಹಾಗೆ. ಟೇಪಣ್ಣ ಕಣ್ಣು ಮುಚ್ಚಿಕೊಂಡ.

ಮುಂದಿನದ್ದನ್ನು ತಟ್ಟೆ ಹಿಡಿದಿದ್ದ ಮೂವತ್ತೆರಡು ಹೇಳಬೇಕಾಯಿತು. ದೊಡ್ಡ ಸಾಹೇಬರು, ಕೈಗೇನಾಗಿದೆ ಎಂದು ಕೇಳಿದರಂತೆ. ಅಂಗಿ ಬಿಗಿ ಎಂದು ಹೇಳಲಾಗದೆ ಇನ್‌ಸ್ಪೆಕ್ಟರು, ಭುಜಕ್ಕೆ ಪೆಟ್ಟಾಗಿದೆ ಸಾರ್, ಎಂದರಂತೆ. ಹೇಗೆ ಎಂದರೆ, ಡ್ಯೂಟಿಯಲ್ಲಿ ಸಾರ್. ಯಾವಾಗ ಎಂದರೆ, ಕಳ್ಳನನ್ನು ಹಿಡಿಯುವಾಗ ಸಾರ್. ದೊಡ್ಡ ಸಾಹೇಬರೂ ಆ ಸಿನಿಮಾ ನೋಡಿದ್ದವರೇ. ಅದರ ಕೊನೆಯಲ್ಲಿ ಹೀರೋ ಗಾಯದ ಭುಜದಲ್ಲೇ ಪದಕ ಪಡೆಯುತ್ತಾನಂತೆ. ಅವರು ಮೈಕಿಗೆ ಬಾಗಿ, ಇಂಥ ಅಧಿಕಾರಿಗಳು ಸಿನಿಮಾದಲ್ಲಷ್ಟೇ ಅಲ್ಲ, ನಮ್ಮ ನಡುವೆಯೂ ಇದ್ದಾರೆ, ಎಂದು ಹೇಳಿದ್ದು ಬೇಲಿಯವರೆಗೂ ಕೇಳಿಸಿತು. ಚಪ್ಪಾಳೆಯೋ ಚಪ್ಪಾಳೆ. ಮರುದಿನ ಪೇಪರಿನಲ್ಲಿ ಅರ್ಧ ಸಲ್ಯೂಟಿನ ಫೋಟೋ ಬಂತು.

ಅದಾಗಿ ನಾಲ್ಕು ದಿನಕ್ಕೆ ಸಾಹೇಬರು ಟೇಪಣ್ಣನ ಬಾಗಿಲಿಗೆ ಬಂದರು. ಗೋಡೆ ತಟ್ಟಲಿಲ್ಲ. ಭಾವಮೈದನಿಗೆ ಬೇರೆ ಕಡೆ ಜಾಗ ನೋಡಿದ್ದಾಯಿತು ಎಂದರು. ಇನ್ನು ಮೇಲೆ ಅವರ ಅಂಗಿಗಳೆಲ್ಲ ಅದೇ ಬಿಗಿಯಲ್ಲಿರಬೇಕು, ಕೈ ಗಲ್ಲ ದಾಟಬಾರದು, ಅವರಿರುವ ತನಕ ಟೇಪಣ್ಣ ಇಲ್ಲೇ ಕೂತಿರಬಹುದು, ಮತ್ತು ಅಂಗಿಯ ವಿಷಯ ಇಬ್ಬರಲ್ಲೇ ಇರಬೇಕು. ಟೇಪಣ್ಣ ತಲೆಯಾಡಿಸಿದ. ಕೋಣೆ ಉಳಿಯಿತು. ಸಂತೋಷಪಡಬೇಕೆಂದುಕೊಂಡ, ಬೆನ್ನು ನೋಯುತ್ತಿತ್ತು. ಸಂಜೆಯೊಳಗೆ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು ಬಂದು, ಸಾಹೇಬರಂಥದ್ದೇ ಅಂಗಿ ಬೇಕೆಂದು ಅಳತೆ ಕೊಟ್ಟು ಹೋದರು.

ಕೊನೆಗೆ ಮೂವತ್ತೆರಡು ಬಂದ, ಹಳೆಯ ಅಂಗಿ ಸುತ್ತಿ ಕಂಕುಳಲ್ಲಿಟ್ಟುಕೊಂಡು. ನಿವೃತ್ತಿಗೆ ಐದು ತಿಂಗಳು. ಅಷ್ಟಕ್ಕೆ ಹೊಸದು ಯಾಕೆ, ಕಾಲರು ತಿರುಗಿಸಿ ಹೊಲಿದುಕೊಡು, ಎಂದ. ಸ್ಟೂಲಿನ ಮೇಲೆ ಕೂತ. ಪೇಪರು ಅಲ್ಲೇ ಬಿದ್ದಿತ್ತು. ಫೋಟೋವನ್ನು ಬಹಳ ಹೊತ್ತು ನೋಡಿದ. ಗೋಡೆ ಹಾರಿದ್ದು ಯಾರು, ಕೆಳಗೆ ಬಿದ್ದದ್ದು ಯಾರು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

“ಟೇಪಣ್ಣ,” ಎಂದ ಕೊನೆಗೆ. “ನನ್ನ ಅಂಗಿಯಿಂದಲೂ ಆ ಚೌಕ ತೆಗೆದುಬಿಡು. ಹೋಗೋಷ್ಟರಲ್ಲಿ ಒಂದು ಪದಕ ಬಂದರೂ ಬರಬಹುದು.”

ಟೇಪಣ್ಣನಿಗೆ ನಗು ಬರಬೇಕಿತ್ತು. ಅಂಗಿಯನ್ನು ತಿರುಗಿಸಿ ನೋಡಿದ. ಕಂಕುಳಿನ ಚೌಕ ಬೆವರಿಗೆ ಬಣ್ಣ ಬಿಟ್ಟು, ಅಂಚು ಸವೆದು ಜಾಳಾಗಿತ್ತು. ಡ್ರಾಯರು ಎಳೆದು, ಸಾಹೇಬರ ಅಂಗಿಯಿಂದ ಬಿಚ್ಚಿದ ಎರಡು ಹೊಸ ಚೌಕಗಳಲ್ಲಿ ಒಂದನ್ನು ತೆಗೆದು ಹಳೆಯದರ ಮೇಲಿಟ್ಟು ನೋಡಿದ. ಅಳತೆ ಸರಿಹೋಯಿತು.

“ಐದು ತಿಂಗಳಿಗೆ ಇದು ಸಾಕು,” ಎಂದು ಸೂಜಿ ದಾರವನ್ನು ಅವನ ಕಡೆ ಚಾಚಿದ. “ಪೋಣಿಸಿಕೊಡು.”

ಮೂವತ್ತೆರಡು ಸೂಜಿಯನ್ನು ಬೆಳಕಿಗೆ ಹಿಡಿಯಲು ಬಲಗೈ ಎತ್ತಿದ. ಭುಜ ತನ್ನ ಸುತ್ತು ಬಳಸಿಕೊಂಡು ನಿಧಾನವಾಗಿ ಮೇಲೆದ್ದಿತು. ಟೇಪಣ್ಣ ಕಾದ.